ಮುರುಗೆಪ್ಪ ಮಾಸ್ತರ ಕೇಳಬಾರದ ಪ್ರಶ್ನೆ

"ನಿಮ್ಮ ಅಪ್ಪ ಎಲ್ಲಿ ಅದಾರ? ಎಲ್ಲಾರೂ ಇಂಗ್ಲಿಷಿನ್ಯಾಗ ಹೇಳ್ರಿ ನೋಡೂಣು!"

ಆಗಷ್ಟೇ ಬಂದು ಕಿಟಕಿಯಾಚೆ ನಿಂತಿದ್ದ ದಾನವ್ವನ ಎದೆ ಧಸಕ್ಕೆಂದಿತು.

ಅದು ನಲವತ್ತೆರಡರ ಚಳವಳಿಯ ಕಾಲ. ಅಣ್ಣನ ಮಗಳು ನೀಲಿಯನ್ನು ಕರೆದೊಯ್ಯಲು ಆಕೆ ದುರ್ಗದಬೈಲಿನ ಆ ಪುಟ್ಟ ಶಾಲೆಗೆ ಬಂದಿದ್ದಳು. ಒಳಗೆ ಮುರುಗೆಪ್ಪ ಮಾಸ್ತರ ಒಬ್ಬನನ್ನು ಮೇಜಿನ ಕೆಳಗೆ ತೂರಿಸಿ, ಇನ್ನೊಬ್ಬಳನ್ನು ಬಾಗಿಲ ಹಿಂದೆ ನಿಲ್ಲಿಸಿ, 'ಅಂಡರ್', 'ಬಿಹೈಂಡ್' ಎಂದು ಕೂಗಿಸುತ್ತಿದ್ದ.

ಮಾಸ್ತರನ ಆ ದನಿ ಕೇಳಲೆಂದೇ ಆಕೆ ದಿನವೂ ಹೊತ್ತಿಗೆ ಮುಂಚೆ ಬರುತ್ತಿದ್ದಳು. ಕೇಳಿದವರಿಗೆ, ಬಿಸಿಲಿಗೆ ನೆರಳಲ್ಲಿ ನಿಂತೆನೆಂಬ ನೆಪ! ಇವತ್ತು ಮಾತ್ರ ಆ ದನಿಯೇ ಹೆದರಿಸಿತು.

ಮಕ್ಕಳ ಅಪ್ಪಂದಿರ ಉಸಾಬರಿ ಈತನಿಗೇಕೆ?

ನೀಲಿಯ ಅಪ್ಪ ಸಂಗನಬಸಪ್ಪ, ತಂತಿ ಕಂಬ ಕೆಡವಿದನೆಂದು ಪೊಲೀಸರು ಹುಡುಕುತ್ತಿದ್ದವನು. ಸೊಲ್ಲಾಪುರಕ್ಕೆ ಹೋಗಿದ್ದಾನೆಂದು ಊರಿಗೆಲ್ಲ ಹೇಳಿದ್ದಾಗಿತ್ತು. ಆದರೆ ಆತ ಕೂತಿದ್ದುದು ತಮ್ಮದೇ ಮನೆಯ ವಖಾರಿಯಲ್ಲಿ, ಹತ್ತಿ ತುಂಬಿದ ಅಂಡಿಗೆ ಮೂಟೆಗಳ ಹಿಂದೆ! ತಾಯಿಯಿಲ್ಲದ ನೀಲಿಗೆ ಅಪ್ಪನೂ ಜೈಲು ಸೇರಿದರೆ ಗತಿಯೇನು?

ಮಕ್ಕಳೆಲ್ಲ ಒಟ್ಟಿಗೇ ಏನೇನೋ ಕೂಗುತ್ತಿದ್ದಂತೆ ದಾನವ್ವ ಒಳಗೆ ನುಗ್ಗಿದಳು.

"ಮಾಸ್ತರ್ರ, ಇದ್ಯಾವ ಪಾಠರೀ? ಮಂದಿ ಮನಿ ಸುದ್ದಿ ನಿಮಗ್ಯಾಕ?"

ಮಾಸ್ತರನ ಮುಖ ಬಿಳಿಚಿತು. ಅವನ ಕಣ್ಣು ಮುಂದೆ ಕೂತಿದ್ದ ಪೊಲೀಸ್ ಫೌಜದಾರರ ಮಗನ ಕಡೆ ಹೊರಳಿ ಬಂತು.

"ಈಗೇನೂ ಕೇಳಬ್ಯಾಡ್ರಿ ದಾನವ್ವಾರ... ಲಗೂ ಮನಿಗೆ ಹೋಗ್ರಿ."

ನನ್ನ ಹೆಸರು ಈತನಿಗೆ ಯಾರು ಹೇಳಿದರು? ಆಕೆಯ ಸಂಶಯಕ್ಕೆ ಇನ್ನೊಂದು ಕಾಲು ಬಂತು.

ದಾರಿಯಲ್ಲಿ ನೀಲಿ ಬಿಕ್ಕಿಬಿಕ್ಕಿ ಅತ್ತಳು. "ಮಾಸ್ತರ 'ಬಿಹೈಂಡ್' ಅಂದಕೂಡ್ಲೆ ಅಪ್ಪ ಅಂಡಗಿ ಹಿಂದ ಅದಾನ ಅಂದ್ಬಿಟ್ಟೆ ಅತ್ತಿ... ಬಾಯಿಗೆ ಬಂದಬಿಟ್ತು."

ಮುಗಿಯಿತು! ಅಣ್ಣನನ್ನು ಬೇರೆಡೆ ಕಳಿಸೋಣವೆಂದರೆ ಓಣಿಯ ತುಂಬ ಪೊಲೀಸರು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಫೌಜದಾರರು, ಪಕ್ಕದಲ್ಲೇ ಮುರುಗೆಪ್ಪ ಮಾಸ್ತರ!

ಅಯ್ಯೋ, ಇಂಥವನ ದನಿಗಾಗಿ ಕಾದೆನಲ್ಲ... ಭಯಕ್ಕಿಂತ ಆ ನೋವೇ ದಾನವ್ವನಿಗೆ ಹೆಚ್ಚಾಯಿತು.

"ಈ ಹುಡುಗಿ ಅಪ್ಪ ಹತ್ತಿ ಅಂಡಗಿ ಹಿಂದ ಅದಾನಂತ. ನನ್ನ ಮಗಾ ಕೇಳ್ಯಾನ," ಎಂದರು ಫೌಜದಾರರು. "ಹೌದಿಲ್ಲೋ ಮಾಸ್ತರ?"

"ಹೌದ್ರಿ ಸಾಹೇಬ್ರ."

ದಾನವ್ವ ಬಾಗಿಲು ಹಿಡಿದುಕೊಂಡಳು.

ಮಾಸ್ತರ ಮುಂದುವರಿಸಿದ: "ಅದ ಪಾಠದಾಗ ಹುಡುಗ ದ್ಯಾಮಣ್ಣನ ಅಪ್ಪ ಬಾವ್ಯಾಗ ಅದಾನಂತ. ಇನ್ನೊಬ್ಬಾಕಿ ಅಪ್ಪ ಮಾಳಗಿ ಮ್ಯಾಲ. ನಿಮ್ಮ ಚಿರಂಜೀವಿ ಏನಂದಾನ ಕೇಳೀರೇನ್ರಿ?"

"ಏನಂದಾನ?"

"ನಮ್ಮಪ್ಪ ಎಮ್ಮಿ ಕೆಳಗ ಅದಾನಂತ!"

ಹಿಂದಿದ್ದ ಪೊಲೀಸಪ್ಪ ಕಿಸಕ್ಕನೆ ನಕ್ಕ.

"ಆಟದ ಪಾಠರೀ ಸಾಹೇಬ್ರ. ಹುಡುಕೂದ ಆದ್ರ ಮೊದಲ ನಿಮ್ಮ ಎಮ್ಮಿ ಕೆಳಗ ನೋಡಿ ಬರೂಣ್ರಿ."

ಫೌಜದಾರರ ಮುಖ ಕೆಂಪಾಯಿತು. ನಗುತ್ತಿದ್ದವನನ್ನು ಗದರಿಸಿ, ಮೀಸೆ ತಿರುವಿ ಹೊರಟೇಬಿಟ್ಟರು. ಮಾನ ಹೋದಲ್ಲಿ ಯಾವ ಅಧಿಕಾರಿಯೂ ಬಹಳ ಹೊತ್ತು ನಿಲ್ಲುವುದಿಲ್ಲ.

ಮಾಸ್ತರ ಮಾತ್ರ ನಿಂತ.

"ನೀಲಿ ಹಂಗ ಅಂದಾಗ ನನ್ನ ಜೀವ ಹೋದಂಗಾತು. ಫೌಜದಾರರ ಹುಡುಗ ಎದುರಿಗೇ ಕುಂತಾನ! ಅದಕ್ಕ ಆ ಪ್ರಶ್ನೆ ಕೇಳಿ ಎಲ್ಲಾರ ಅಪ್ಪಂದಿರನ್ನೂ ಸಿಕ್ಕಸಿಕ್ಕಲ್ಲಿ ಕೂಡ್ರಿಸಿದೆ. ಅಷ್ಟೊತ್ತಿಗೆ ನೀವು ಬಂದ್ರಿ."

ದಾನವ್ವನ ಕಣ್ಣು ತುಂಬಿತು. "ನಾ ನಿಮ್ಮನ್ನ ಅವರ ಕಡಿಯವರು ಅಂದ್ಕೊಂಡಿದ್ನಿರಿ..."

"ನಿಮ್ಮ ಜಾಗಾದಾಗ ನಾ ಇದ್ರೂ ಹಂಗ ತಿಳಕೋತಿದ್ದೆ."

"ಮತ್ತ... ನನ್ನ ಹೆಸರು?"

"ನೀಲೀನ ಕೇಳಿದ್ದೆ. ದಿನಾ ಕಿಟಕಿ ಹಂತೇಕ ನಿಲ್ಲೋರು ಯಾರಂತ."

"ಬಿಸಲಿಗೆ ನಿಲ್ತಿದ್ದೆರಿ!"

"ಮಳಿ ಬಂದಾಗೂ ನಿಂತಿದ್ರಿ."

ಆಕೆ ನಾಚಿ ಸೆರಗು ಸರಿಪಡಿಸಿಕೊಂಡಳು. ಆತ ಗಂಟಲು ಸರಿಪಡಿಸಿಕೊಂಡ.

"ದಾನವ್ವಾರ, ನಿಮ್ಮನ್ನ ಮದವಿ ಆಗಬೇಕಂತ ಭಾಳ ಮನಸೈತ್ರಿ. ಹಿರ್ಯಾರನ್ನ ಕೇಳಬೇಕು. ನಿಮ್ಮ ಅಣ್ಣಾರು ಸೊಲ್ಲಾಪುರದಾಗ ಅದಾರಲ್ಲ... ಅವರು ಬರೂತನಕ ಕಾಯ್ತೇನಿ. ವರ್ಷ ಹಿಡಿದರೂ ಅಡ್ಡಿಯಿಲ್ಲ."

ದಾನವ್ವ ಅವನನ್ನೇ ನೋಡಿದಳು. ಎಲ್ಲವೂ ಗೊತ್ತಿದ್ದೂ ಆಕೆ ಹೇಳಿದ ಸುಳ್ಳನ್ನು ಆತ ಕಾಯುತ್ತಿದ್ದ. ಅಣ್ಣ ಅಡಗಿದಂದಿನಿಂದ ಯಾರನ್ನೂ ನಂಬದ ಆಕೆಯ ಜೀವ ಹಗುರಾಯಿತು.

ಓಣಿಯ ಎರಡೂ ಕಡೆ ನೋಡಿ ಆಕೆ ಆತನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. ವಖಾರಿಯ ಚಿಲಕಕ್ಕೆ ಕೈ ಹಾಕಿದಳು.

"ಅಷ್ಟ ದಿನ ಯಾಕ ಕಾಯ್ತೀರಿ? ಅಣ್ಣ ಇಲ್ಲೇ ಅದಾನ. ಬರ್ರಿ, ಈಗ ಕೇಳ್ರಿ."

"ದಾನವ್ವಾರ... ನನ್ನ ನಂಬತೀರೇನ್ರಿ?"

"ನಂಬದಿದ್ರ ಚಿಲಕ ತಗೀತಿದ್ನೇನ್ರಿ?"