ಹಿಂದೆ ಸರಿದ ಮನೆ

ಏಡಿ ಬೇಯಿಸಿ ಆರಿದ ನೀರನ್ನು ಮರಿಯೆಟ್ಟಾ ಜಗಲಿಯ ಹಲಗೆಸಂದಿಗೆ ಸುರಿದಳು. ಆ ದ್ವೀಪದಲ್ಲಿ ಎಲ್ಲರೂ ಸುರಿಯುವುದು ಅಲ್ಲೇ. ಮನೆಗಳು ಕಂಬದ ಮೇಲೆ ನಿಂತಿವೆ, ಕೆಳಗೆ ಬರೀ ಮರಳು.

ಆದರೆ ಅಂದು ಆ ಮರಳು ಬಾಯಿಗೆ ಬಂದಂತೆ ಬೈಯಿತು!

ಅವಳು ಬಗ್ಗಿ ನೋಡುವಷ್ಟರಲ್ಲಿ ಮೆಟ್ಟಿಲ ಬುಡದಿಂದ ಒಬ್ಬ ಯುವಕ ತೆವಳಿ ಬಂದು ಎದ್ದು ನಿಂತ. ತಲೆಯಿಂದ ನೀರು ಸೋರುತ್ತಿತ್ತು. ಕಿವಿಯ ಮೇಲೆ ಏಡಿಯ ಒಂದು ಕಾಲು ಪೆನ್ಸಿಲಿನ ಹಾಗೆ ಕೂತಿತ್ತು.

"ಯಾರು ನೀನು? ನಮ್ಮನೆ ಕೆಳಗೆ ನಿಂಗೇನ್ ಕೆಲ್ಸ?"

"ಮನೆ ಬೀಳತ್ತೋ ನಿಲ್ಲತ್ತೋ ಅಂತ ನೋಡ್ತಿದ್ದೆ," ಎಂದು ಅವನು ಕಣ್ಣು ಒರೆಸಿಕೊಂಡ. "ಮಸಾಲೆ ಜೋರಾಗೇ ಹಾಕಿದೀಯ."

ನಗಬಾರದೆಂದು ಮರಿಯೆಟ್ಟಾ ತುಟಿ ಕಚ್ಚಿದಳು. ಬಾಗಿಲಲ್ಲಿದ್ದ ಅವಳ ಅಪ್ಪನ ಅಕ್ಕ ಓಪಲ್ ಅತ್ತೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನು ಹಿಂದಿನ ಸಾಲಿನ ಮನೆಯ ಎಮೆಟ್, ದೋಣಿ ರಿಪೇರಿ ಮಾಡುವವನು, ಚಳಿಗಾಲದಲ್ಲೂ ಊರು ಬಿಡದ ಒಂದೇ ಒಂದು ಪ್ರಾಣಿ ಎಂದು ಪರಿಚಯ ಹೇಳಿ, ಟವೆಲ್ ತಂದುಕೊಟ್ಟರು.

ಮರಿಯೆಟ್ಟಾ ಶಾಲಾ ಬಸ್ ಓಡಿಸುವವಳು. ಬೇಸಿಗೆ ರಜೆಗೆ ಅತ್ತೆಯ ಮನೆಗೆ ಬಂದಿದ್ದಳು. ಸೇತುವೆಯ ಗೇಟಿನಲ್ಲಿ ಕಾವಲುಗಾರ ಅವಳ ತುಕ್ಕು ಹಿಡಿದ ಕಾರನ್ನು ಹೊಲಕ್ಕೆ ನುಗ್ಗಿದ ದನವನ್ನು ನೋಡುವಂತೆ ನೋಡಿ, ಅತ್ತೆಗೆ ಫೋನು ಮಾಡಿ ಕೇಳಿ, ಆಮೇಲೆ ಒಳಗೆ ಬಿಟ್ಟಿದ್ದ. ಖಾಸಗಿ ಬಡಾವಣೆಯಲ್ಲವೇ! ಅತಿಥಿಗಳಿಗೆ ಪಾಸ್ ಬೇಕು, ಅತಿಥಿಗಳ ನಾಯಿಗೂ ಪಾಸ್ ಬೇಕು. ಸಮುದ್ರಕ್ಕೆ ಮಾತ್ರ ಯಾರೂ ಪಾಸ್ ಕೇಳುವುದಿಲ್ಲ. ಅದು ವರ್ಷವರ್ಷವೂ ಬಂದು ಒಂದಿಷ್ಟು ದಡ ತಿಂದು ಹೋಗುತ್ತದೆ. ಯಾವ ದೊಡ್ಡ ಮನುಷ್ಯನೂ ಇದುವರೆಗೆ ಅದರ ಕೊರಳಪಟ್ಟಿ ಹಿಡಿದದ್ದಿಲ್ಲ.

ಅಲ್ಲಿ ಮನೆ ಮಾತ್ರ ನಿಮ್ಮದು, ಜಾಗ ಬಡಾವಣೆಯ ಮನೆಯವರೆಲ್ಲ ಸೇರಿದ ಸಂಘದ್ದು. ಅಲೆ ಹತ್ತಿರ ಬಂದರೆ ಇಡೀ ಮನೆಯನ್ನೇ ಜಾಕಿ ಕೊಟ್ಟು ಎತ್ತಿ, ಗಾಲಿಗಳ ಮೇಲಿಟ್ಟು ಹಿಂದಕ್ಕೆ ಸಾಗಿಸುತ್ತಾರೆ. ಎಲ್ಲಿಗೆ ಎಂಬುದನ್ನು ಸಂಘದ ಸಭೆ ಹೇಳಬೇಕು. ಒಬ್ಬರ ಕೈ ಏಳದಿದ್ದರೂ ಜಾಗ ಇಲ್ಲ. ಜಾಗ ಸಿಗದ ಮನೆಯನ್ನು ಹಲಗೆಹಲಗೆಯಾಗಿ ಬಿಚ್ಚಿ ಲಾರಿಗೆ ತುಂಬುವುದೇ.

ಅತ್ತೆಯ ಮನೆ ಮೊದಲ ಸಾಲಿನದು. ಉಬ್ಬರ ಬಂದಾಗ ನೀರು ಆಗಲೇ ಮುಂದಿನ ಕಂಬಗಳ ಕಾಲು ನೆಕ್ಕುತ್ತಿತ್ತು. ತಾನು ಮದುವಣಗಿತ್ತಿಯಾಗಿ ಕಾಲಿಟ್ಟ ಮನೆ ಸೌದೆಯಾಗುವುದನ್ನು ನೋಡಲು ತನಗೆ ಪುರುಸೊತ್ತಿಲ್ಲ ಎಂದು ಅತ್ತೆ ತಮಾಷೆ ಮಾಡುತ್ತಿದ್ದರು. ಆದರೆ ರಾತ್ರಿ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮರಿಯೆಟ್ಟಾಗೆ ಅದು ಗೊತ್ತಿತ್ತು.

ಎಮೆಟ್ ದಿನಾ ಬರತೊಡಗಿದ. ಒಂದು ದಿನ ಅಂಜೂರ ತಂದ, ಒಂದು ದಿನ ಸುಮ್ಮನೆ ಬಂದ. ದ್ವೀಪದ ಹಿಂದಿನ ಹಿನ್ನೀರಿನಲ್ಲಿ ಕಾಲ್ಬೆರಳಿನಿಂದಲೇ ಕೆಸರು ತಡವಿ ಚಿಪ್ಪು ಹುಡುಕುವುದನ್ನು ಅವಳಿಗೆ ಕಲಿಸಿದ.

"ಸಿಕ್ತು," ಎಂದಳು ಅವಳು.

"ಅದು ನನ್ನ ಕಾಲು."

"ಗೊತ್ತು."

ಹಾಗೆಂದು ತನ್ನ ಪಾದವನ್ನು ತೆಗೆಯಲೂ ಇಲ್ಲ! ಅವನ ಕಿವಿ ಕೆಂಪಾದದ್ದನ್ನು ನೋಡಿ ಅವಳೊಳಗೆ ಏನೋ ಒಂದು ನೆಗೆದು ಕೂತಿತು... ಅಯ್ಯೋ ಹುಚ್ಚಿ, ರಜೆ ಮುಗಿದರೆ ಹೋಗುವವಳು ನೀನು...

ಶನಿವಾರ ಸಭೆ ಸೇರಿತು. ಅಧ್ಯಕ್ಷ ಪ್ರೂಯಿಟ್, ಇಸ್ತ್ರಿ ಮಾಡಿದ ಚಡ್ಡಿಯ ಮನುಷ್ಯ, ಓಪಲ್ ಅಮ್ಮನಿಗೆ ಉತ್ತರದ ತುದಿಯ ಜೌಗಿನಂಚಿನ ಜಾಗ ಕೊಡಬಹುದೆಂದು ದೊಡ್ಡ ದಾನ ಮಾಡುವವನಂತೆ ಹೇಳಿದ. ಕೈಗಳೆಲ್ಲ ಎದ್ದವು.

ಎಮೆಟ್‌ನ ಕೈ ಮಾತ್ರ ಏಳಲಿಲ್ಲ.

ಪ್ರೂಯಿಟ್ ಎರಡನೇ ಸಲ ಕೇಳಿದ. ಎಮೆಟ್ ನೆಲ ನೋಡುತ್ತ ಕೂತಿದ್ದ. ಅಲ್ಲಿಗೆ ಜಾಗ ಹೋಯಿತು. ಜೌಗಿನಲ್ಲಿ ಕಂಬ ನೆಡಲು ವಾರಗಟ್ಟಲೆ ಬೇಕು, ಬಿಚ್ಚುವುದಾದರೆ ಸೋಮವಾರವೇ ಓಪಲ್ ಮನೆ ಖಾಲಿ, ಆಮೇಲೆ ಹಿಂದಿನ ಮನೆಯೇ ಮೊದಲ ಸಾಲು, ಬೆಲೆಯೂ ಎರಡರಷ್ಟು ಎಂದು ಯಾರೋ ಪಿಸುಗುಟ್ಟಿದ್ದು ಮರಿಯೆಟ್ಟಾಳ ಕಿವಿಗೆ ಬಿತ್ತು. ಅವಳಿಗೆ ಮೈಯೆಲ್ಲ ಉರಿಯಿತು.

ಹೊರಗೆ ಅವನನ್ನು ಅಡ್ಡಗಟ್ಟಿದಳು.

"ನಮ್ಮನೆ ಹೋದ್ರೆ ನಿನ್ನ ಜಗಲಿಗೆ ಸಮುದ್ರ ಕಾಣತ್ತೆ. ಅದಕ್ಕೇ ತಾನೆ ಇಷ್ಟು ದಿನ ಬಂದು ಕಂಬ ಎಣಿಸಿದ್ದು?"

ಅವನ ಮುಖ ಬಿಳಿಚಿತು. ಸೋಮವಾರದವರೆಗೆ ತಡಿ ಎಂದಷ್ಟೇ ಹೇಳಿದ. ಬೇರೇನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಭಾನುವಾರವಿಡೀ ಅವಳು ಅತ್ತೆಯ ತಟ್ಟೆ ಬಟ್ಟಲುಗಳನ್ನು ಡಬ್ಬಕ್ಕೆ ತುಂಬಿದಳು. ಅಳಬಾರದೆಂದುಕೊಂಡೇ ಅತ್ತಳು. ಅತ್ತೆ ಮಾತ್ರ ಎಮೆಟ್ ಅಂಥವನಲ್ಲ ಎಂದು ಒಂದೇ ಮಾತು ಹೇಳಿ, ಅವಳು ತುಂಬಿದ ಡಬ್ಬದಿಂದ ಟೀ ಕಪ್ಪು ವಾಪಸ್ ತೆಗೆದುಕೊಂಡರು.

ಸೋಮವಾರ ಬೆಳಿಗ್ಗೆ ಮನೆ ಸಾಗಿಸುವವರ ಲಾರಿ ಬಂತು. ಬಿಚ್ಚಲು ಬಂದರು ಎಂದು ಮರಿಯೆಟ್ಟಾ ಜಗಲಿಗೆ ಓಡಿದಳು. ಆದರೆ ಲಾರಿ ಅವರ ಮನೆ ದಾಟಿ ಹಿಂದಕ್ಕೆ ಹೋಯಿತು. ಆಳುಗಳು ಜಾಕಿ ಇಟ್ಟದ್ದು ಎಮೆಟ್‌ನ ಮನೆಗೆ!

ಬಿಸಿಲೇರುವ ಹೊತ್ತಿಗೆ ಅವನ ಮನೆ ಗಾಲಿಯ ಮೇಲೆ ಕಿರುಗುಟ್ಟುತ್ತ, ಬಸಿರಿ ಹೆಂಗಸಿನಂತೆ ನಿಧಾನವಾಗಿ ಹಿಂದೆ ಸರಿಯತೊಡಗಿತ್ತು. ಅವನು ಅದರ ಜಗಲಿಯಲ್ಲೇ ಕೂತಿದ್ದ. ಮರಿಯೆಟ್ಟಾ ಓಡಿಹೋಗಿ ಪಕ್ಕದಲ್ಲೇ ಹೆಜ್ಜೆ ಹಾಕಿದಳು.

"ಏನಿದು ಎಮೆಟ್?"

"ಸಂಘ ನಮಗೆ ಕೊಟ್ಟಿರೋ ಜಾಗ ಉದ್ದಕ್ಕಿದೆ. ಮುಂದಿನ ಅರ್ಧ ನಿಮ್ಮತ್ತೆ ಮನೆಗೆ. ಕೊಟ್ಟ ಜಾಗ ಹಂಚ್ಕೊಳ್ಳೋಕೆ ಯಾರ ಕೈಯೂ ಏಳ್ಬೇಕಿಲ್ಲ."

"ಮತ್ತೆ ಶನಿವಾರ..."

"ಆ ಜೌಗಿಗೆ ಹೋದ್ರೆ ಚಳಿಗಾಲಕ್ಕೆ ಅಲ್ಲಿಗೂ ನೀರು ಬಂದು ಮತ್ತೆ ಎತ್ಬೇಕು. ಎರಡು ಸಲ ಎತ್ತಿದ್ರೆ ಆ ಮನೆ ತಡ್ಯಲ್ಲ. ನಾನು ಕೈ ಎತ್ತಿದ್ರೆ ಆ ಜಾಗವೇ ಖಾಯಂ ಆಗೋದು."

"ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಈ ಮನೆ ಸೇತುವೆಯಾಚೆ ಇರೋ ನನ್ನಮ್ಮನ ಹೆಸರಲ್ಲಿದೆ, ಸಭೇಲಿ ಅವಳ ಪರವಾಗಿ ಕೂರೋನು ನಾನು. ಅವಳು ಹ್ಞೂಂ ಅಂದಿದ್ದು ನಿನ್ನೆ ಸಂಜೆ. ಅಲ್ಲೀವರೆಗೂ ನಿಮ್ಮತ್ತೆಗೆ ಆಸೆ ಹುಟ್ಸೋದು ಹೇಗೆ?"

ಮರಿಯೆಟ್ಟಾ ತಿರುಗಿ ನೋಡಿದಳು. ಅತ್ತೆಯ ಮನೆ ಅಲ್ಲಿಗೆ ಬಂದು ನಿಂತರೆ...

"ನಿಂಗೆ ಇನ್ಮೇಲೆ ಸಮುದ್ರನೇ ಕಾಣಲ್ಲ."

"ನಿನ್ನ ಅಡುಗೆಮನೆ ಕಿಟಕಿ ಕಾಣತ್ತಲ್ಲ."

ಅವಳು ಅಳುತ್ತಲೇ ನಕ್ಕಳು. ಕಂಡಾಪಟ್ಟೆ ಮಾತಾಡಿಬಿಟ್ಟೆ, ತಪ್ಪಾಯಿತು ಎಂದಳು. ಮನೆ ಮಾತ್ರ ತನ್ನ ಪಾಡಿಗೆ ಗೇಣುಗೇಣಾಗಿ ಹಿಂದೆ ಹೋಗುತ್ತಲೇ ಇತ್ತು. ಇಷ್ಟು ಸಾಕೋ, ಇನ್ನೂ ಹೋಗಬೇಕೋ ಎಂದು ಮೇಸ್ತ್ರಿ ಕೂಗಿ ಕೇಳಿದ. ಎಮೆಟ್ ಅವಳತ್ತ ತಿರುಗಿದ.

"ನೀನೇ ಹೇಳು. ಎಲ್ಲಿ ನಿಲ್ಲಿಸ್ಲಿ?"

ಮರಿಯೆಟ್ಟಾ ಜಗಲಿಯ ಕಂಬ ಹಿಡಿದುಕೊಂಡಳು.

"ಇಲ್ಲೇ. ಇನ್ನೂ ದೂರ ಹೋಗ್ಬೇಡ."

"ಇಷ್ಟು ಹತ್ರ ನಿಲ್ಲಿಸಿದ್ರೆ ನೀನು ಕೂಗಿದ್ದೆಲ್ಲ ನಂಗೆ ಕೇಳತ್ತೆ."

"ಕೇಳ್ಲಿ. ರಜೆ ಮುಗಿದ್ಮೇಲೂ ಕೂಗ್ತೀನಿ."

"ಕೂಗಿದಾಗೆಲ್ಲ ಬಂದ್ಬಿಡ್ತೀನಿ ಮತ್ತೆ."

ಅವಳು ಮೆಟ್ಟಿಲಿಲ್ಲದ ಆ ಜಗಲಿಯನ್ನು ಹತ್ತಲು ಕೈ ಚಾಚಿದಳು. ಅವನು ಬಗ್ಗಿ ಎಳೆದುಕೊಂಡ.

"ಕೂಗದೇ ಇದ್ರೂ ಬಾ," ಎಂದಳು.