ಊದುವ ಪರೀಕ್ಷೆ

"ಊದು! ಫಸ್ಟ್ ಗೇರ್‌ನಲ್ಲೇ ನಿಂತ್ಬಿಟ್ಟೆಯಲ್ಲೇ, ಊದು!"

ಚೂಟಿ ಊದಿದಳು. ಕೆಂಪು ಬಲೂನು ನಿಂಬೆಹಣ್ಣಿನಷ್ಟಾಗಿ ಅಲ್ಲಿಗೇ ನಿಂತಿತು. ಅವಳ ಎದೆಯೊಳಗೆ ಯಾರೋ ಸಣ್ಣಗೆ ಸಿಳ್ಳೆ ಹಾಕಿದಂತಾಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದವರೆಲ್ಲ ತಿರುಗಿ ನೋಡಿದರು. ಸಿಟ್ಟಿನಿಂದ ಅವಳು ಬಲೂನು ಬಿಟ್ಟಳು. ಅದು ಪುರ್ರೆಂದು ಹಾರಿ ಎದುರು ಬೆಂಚಿನ ಅಜ್ಜನ ಮಡಿಲಿಗೆ ಬಿತ್ತು.

"ಸಾಕಪ್ಪಾ! ಇದು ಡ್ರೈವಿಂಗ್ ಟೆಸ್ಟ್ ಅಲ್ಲ."

"ಟೆಸ್ಟ್ ಅಂದ್ಮೇಲೆ ಟೆಸ್ಟೇ. ರಿವರ್ಸ್ ಹಾಕೋಕೆ ಬರದೋರಿಗೆಲ್ಲ ಲೈಸೆನ್ಸ್ ಕೊಡಿಸಿದೀನಿ. ನನ್ನ ಮಗಳನ್ನ ಪಾಸ್ ಮಾಡಿಸಲ್ವಾ?"

ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಒಂದು ವಾರದಿಂದ ಮನೆಯಲ್ಲಿ ಬಲೂನು ತರಬೇತಿ. ಬೆಳಗ್ಗೆ ಹತ್ತು, ಸಂಜೆ ಹತ್ತು.

ಬಾಗಿಲು ತೆರೆದು ನರ್ಸ್ ಹೊರಗೆ ಬಂದರು. ಅಜ್ಜ ಬಲೂನನ್ನು ಎತ್ತಿ ತೋರಿಸಿದರು.

"ಏನ್ ಸರ್ ಇದು? ಮನೆಗೆ ಚೀಟಿ ಕೊಟ್ಟಿದ್ವಲ್ಲ, ಓದಿದ್ರಾ? ಓಡಬಾರದು, ಆಯಾಸ ಮಾಡ್ಕೋಬಾರದು, ಹೊಟ್ಟೆ ಬಿರಿಯೋ ಹಾಗೆ ತಿನ್ನಬಾರದು." ನರ್ಸ್ ಚೂಟಿಯ ಕಡೆ ತಿರುಗಿದರು. "ಬೆಳಗ್ಗೆಯಿಂದ ಡಾಕ್ಟರ್ ಕೊಟ್ಟಿದ್ದ ನೀಲಿ ಪಂಪ್, ಆ ಇನ್‌ಹೇಲರ್, ತಗೊಂಡ್ಯಾ?"

"ಇಲ್ಲ."

"ಜಾಣೆ. ಮೊದಲು ಪಂಪ್ ಇಲ್ಲದೆ ಊದ್ಬೇಕು. ಆಮೇಲೆ ನಾವೇ ಔಷಧಿ ಕೊಟ್ಟು ಇನ್ನೊಂದ್ಸಲ ಊದಿಸ್ತೀವಿ. ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿದ್ರೆ ಅಸ್ತಮಾ ಹೌದಾ ಅಲ್ವಾ ಗೊತ್ತಾಗುತ್ತೆ. ಈಗ ಉಸಿರು ಹೇಗಿದೆ?"

"ಸ್ವಲ್ಪ ಸಿಳ್ಳೆ. ಅಷ್ಟೇ."

"ಕಷ್ಟ ಆದ್ರೆ ಮಾತ್ರ ತಡ್ಕೊಂಡು ಕೂರ್ಬೇಡ, ತಕ್ಷಣ ನನ್ನ ಕರಿ. ಪಂಪ್ ಕೊಡ್ತೀವಿ, ಟೆಸ್ಟ್ ಇನ್ನೊಂದಿನ ಮಾಡಿದ್ರಾಯ್ತು. ಈಗ ಅರ್ಧ ಗಂಟೆ ಸುಮ್ಮನೆ ಕೂತಿರು." ಒಳಗೆ ಹೋಗುವಾಗ ನರ್ಸ್ ಬಲೂನನ್ನೂ ಒಯ್ದರು.

ಚೂಟಿ ಗೋಡೆಗೆ ಒರಗಿದಳು. ಅರ್ಧ ಗಂಟೆ ಆಗುತ್ತ ಬರುವಷ್ಟರಲ್ಲಿ ಸಿಳ್ಳೆ ಇಳಿಯಿತು. ಸಿಟ್ಟು ಇಳಿಯಲಿಲ್ಲ.

ಹೋದ ವಾರ ಶಾಲೆಯ ಮೈದಾನದಲ್ಲಿ ಓಡುವಾಗ, ಎರಡನೇ ಸುತ್ತಿನಲ್ಲಿ ಅವಳು ಉಸಿರು ಸಿಗದೆ ಮೊಣಕಾಲು ಹಿಡಿದು ನಿಂತುಬಿಟ್ಟಿದ್ದಳು. ಪಿ.ಟಿ. ಮಿಸ್ ಇಡೀ ಕ್ಲಾಸಿನ ಎದುರು ಚಪ್ಪಾಳೆ ತಟ್ಟಿದರು. "ಆಹಾ, ಏನ್ ಆಕ್ಟಿಂಗ್! ಟಿಕೆಟ್ ಇಟ್ಟು ತೋರಿಸ್ಬಹುದು!" ಎಲ್ಲರೂ ನಕ್ಕರು. ಪಕ್ಕದಲ್ಲಿ ಕೂರುವ ಗೆಳತಿಯೂ ನಕ್ಕಳು. ಅದೇ ಜಾಸ್ತಿ ಉರಿದದ್ದು. "ನಿಜ ಆಗಿದ್ರೆ ಡಾಕ್ಟರ್ ಕಾಗದ ತಗೊಂಡ್ ಬಾ," ಅಂದಿದ್ದರು ಮಿಸ್. ಟೆಸ್ಟ್ ಆಗದೆ ಕಾಗದ ಕೊಡುವುದಿಲ್ಲ ಎಂದಿದ್ದರು ಡಾಕ್ಟರ್.

ಅಪ್ಪ ಅತ್ತಿತ್ತ ನೋಡಿ ಜೇಬಿನಿಂದ ನೀಲಿ ಪಂಪ್ ತೆಗೆದ.

"ಒಂದೇ ಪಫ್. ಯಾರಿಗೂ ಗೊತ್ತಾಗಲ್ಲ. ಹೋಗಿ ಜೋರಾಗಿ ಊದಿಬಿಡು. ಏನೂ ಇಲ್ಲ ಅಂತ ಬರೆದುಕೊಡ್ತಾರೆ, ಮನೆಗೆ ಹೋಗೋಣ."

"ಏನೂ ಇಲ್ಲ ಅಂತ ಬರೆದ್ರೆ ನಾನು ಸುಳ್ಳುಗಾತಿ ಆಗ್ತೀನಿ!"

"ಮೆಲ್ಲಗೆ ಕಣೇ."

"ಎಲ್ಲಾರಿಗೂ ನನ್ನ ಎದೆ ಸರಿಯಾಗೇ ಇರ್ಬೇಕು! ಮಿಸ್‌ಗೂ, ನಿನಗೂ! ಉಸಿರು ಸಿಗ್ತಿಲ್ಲ ಅಂದ್ರೆ ಒಬ್ರಾದ್ರೂ ನಂಬ್ತೀರಾ?"

ಎದುರಿನ ಅಜ್ಜ ಕಿಟಕಿಯ ಕಡೆ ಮುಖ ತಿರುಗಿಸಿದರು.

"ನಂಬ್ತೀನಿ," ಎಂದ ಅಪ್ಪ. ಕೈಯಲ್ಲಿದ್ದ ಪಂಪ್ ನೋಡುತ್ತ, "ನಂಬ್ತೀನಿ ಕಣೇ, ಅದಕ್ಕೇ... ಅಸ್ತಮಾ ಇದೆ ಅಂತ ಬಂದ್ಬಿಟ್ರೆ ಏನ್ ಮಾಡ್ಲಿ?" ಎಂದ.

ಚೂಟಿ ಅವನ ಕೈ ನೋಡಿದಳು. ಕಲಿಯುವವರು ಕಾರನ್ನು ನೇರ ಗೋಡೆಗೆ ನುಗ್ಗಿಸಿದರೂ ಹಾಡು ಗುನುಗುತ್ತ ಬ್ರೇಕ್ ಹಾಕುವ ಅಪ್ಪ ಅವನು. ಈಗ ಪಂಪಿನ ಮುಚ್ಚಳ ಅವನ ಬೆರಳುಗಳ ನಡುವೆ ಟಕಟಕ ಎನ್ನುತ್ತಿತ್ತು. ಅಪ್ಪನಿಗೂ ಹೆದರಿಕೆ ಆಗುತ್ತದೆಂದು ಅವಳಿಗೆ ಇವತ್ತಿನವರೆಗೆ ಗೊತ್ತೇ ಇರಲಿಲ್ಲ.

ಅವಳು ಆ ಬೆರಳುಗಳನ್ನು ಹಿಡಿದುಕೊಂಡಳು. ಟಕಟಕ ನಿಂತಿತು.

"ಬಾಮ್ಮ, ನಿನ್ನದೇ ಸರದಿ," ಎಂದು ನರ್ಸ್ ಒಳಗಿನಿಂದ ಕರೆದರು.

ಚೂಟಿ ಎದ್ದಳು. ಅಪ್ಪನೂ ಎದ್ದು, ಪಂಪನ್ನು ಅಂಗೈಯಲ್ಲಿ ಮರೆಮಾಡಿಕೊಂಡು ಪಿಸುಗುಟ್ಟಿದ.

"ಹೋಗ್ಲಿ, ಅರ್ಧ ಪಫ್?"

"ಬೇಡ," ಎಂದಳು ಚೂಟಿ.