ಮ್ಯಾನೇಜರ್ ಹೇಳದ ಮಾತು

“ಬಾಗಿಲು ತೆಗೀರಿ! ಯಾರಾದ್ರೂ ಬೇಗ ಬಾಗಿಲು ತೆಗೀರಿ!”

ಗಿಣಿ ಕೈಯಲ್ಲಿದ್ದ ಚಾಕ್‌ಪೀಸ್ ಬಿಸಾಕಿ ಓಡಿದಳು. ಕ್ಲಿನಿಕ್ಕಿನ ಗಾಜಿನ ಬಾಗಿಲನ್ನು ಎರಡೂ ಕೈಯಿಂದ ಎಳೆದಳು. ಒಳಗೆ ನುಗ್ಗಿದವರು ಅವಳ ಸ್ಕೂಲ್ ಬಸ್ಸಿನ ಡ್ರೈವರ್ ಅಂಕಲ್. ಅವರ ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ, ಬುಟ್ಟಿಯಲ್ಲಿ ಹಳೇ ಟವೆಲ್, ಟವೆಲಿನೊಳಗೆ ಅವರ ಬಿಳಿ ಬೆಕ್ಕು ಹತ್ತಿ.

ಬಸ್ಸಿನಲ್ಲಿ ಡ್ರೈವರ್ ಅಂಕಲ್ ಒಂದು ಸಲ ಗದರಿದರೆ ಸಾಕು, ಹಿಂದಿನ ಸೀಟಿನ ಗಲಾಟೆಯೂ ತೆಪ್ಪಗಾಗುತ್ತದೆ. ಅಂಥವರ ದನಿ ಈಗ ನಡುಗುತ್ತಿತ್ತು.

“ಹತ್ತಿ ಏಳ್ತಾನೇ ಇಲ್ಲ. ನಿಮ್ಮಮ್ಮ ಎಲ್ಲಿ?”

ಗಿಣಿಯ ಅಮ್ಮ ಈ ಕ್ಲಿನಿಕ್ಕಿನ ಡಾಕ್ಟರ್. ಒಳಗಿನ ಕೋಣೆಯಿಂದ ಬಂದವರೇ ಬುಟ್ಟಿಯನ್ನು ಸ್ಟೀಲ್ ಮೇಜಿನ ಮೇಲಿಟ್ಟು, ಹತ್ತಿಯ ತುಟಿಯನ್ನು ಬೆರಳಿನಿಂದ ಮೇಲೆತ್ತಿ ನೋಡಿದರು. ಗುಲಾಬಿ ಬಣ್ಣ ಇರಬೇಕಾದ ವಸಡು ಕಾಗದದ ಹಾಗೆ ಬೆಳ್ಳಗಿತ್ತು.

“ಉಚ್ಚೆ ಯಾವ ಬಣ್ಣ ಇದೆ?”

“ಕಪ್ಪು ಟೀ ಥರ, ಡಾಕ್ಟ್ರೇ.”

“ಏನು ತಿನ್ನಿಸ್ತಿದ್ರಿ?”

“ನೆಗಡಿಯಾಗಿ ಊಟ ಬಿಟ್ಟಿದ್ಲು. ಅದಕ್ಕೆ ಕೋಳಿ ಸೂಪ್ ಮಾಡಿ ಕೊಡ್ತಿದ್ದೆ. ದಿನಾ ಮೂರು ಹೊತ್ತು.”

“ಸೂಪಿಗೆ ಏನೇನು ಹಾಕಿದ್ರಿ?”

“ಚೆನ್ನಾಗೇ ಮಾಡಿದ್ದೆ. ಈರುಳ್ಳಿ ಹುರಿದು, ಬೆಳ್ಳುಳ್ಳಿ ಜಜ್ಜಿ ಹಾಕಿ… ನಾನು ತಿನ್ನೋದನ್ನೂ ಅಷ್ಟು ಚೆನ್ನಾಗಿ ಮಾಡ್ಕೊಳಲ್ಲ.”

ಅಮ್ಮ ಒಂದು ಕ್ಷಣ ಕಣ್ಣು ಮುಚ್ಚಿದರು.

“ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿಗೆ ವಿಷ. ಬೇಯಿಸಿದ್ರೂ ಆ ವಿಷ ಹೋಗಲ್ಲ. ರಕ್ತದಲ್ಲಿರೋ ಕೆಂಪು ಕಣಗಳನ್ನೇ ಒಡೆದುಬಿಡುತ್ತೆ.”

“ಅಯ್ಯೋ! ನಿಮ್ಮ ಬೋರ್ಡ್ ನೋಡಿಯೇ ಕೊಟ್ಟಿದ್ದು ಡಾಕ್ಟ್ರೇ! ಊಟ ಬಿಟ್ಟ ಬೆಕ್ಕಿಗೆ ಬೆಚ್ಚಗೆ ಕೋಳಿ ಸೂಪ್ ಕೊಡಿ ಅಂತ ಮ್ಯಾನೇಜರ್ ಹೇಳಿದ್ರಲ್ಲ!”

ಬಾಗಿಲ ಹತ್ತಿರ ನಿಂತಿದ್ದ ಗಿಣಿ ಚಾಕ್ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡಳು.

ಮ್ಯಾನೇಜರ್ ಎಂದರೆ ಮನುಷ್ಯರಲ್ಲ, ಕ್ಲಿನಿಕ್ಕಿನ ಬೆಕ್ಕು. ಬೂದು ಬಣ್ಣ, ಗುಂಡು ಮುಖ. ಇಡೀ ದಿನ ಕೌಂಟರ್ ಮೇಲೆ ಕೂತು ಬಂದವರನ್ನೆಲ್ಲ ಮೇಲಿಂದ ಕೆಳಗೆ ನೋಡುತ್ತದೆ. ಸಂಬಳ ಒಂದು ಇಲ್ಲ, ಮಿಕ್ಕ ಗತ್ತೆಲ್ಲ ಇದೆ. ಅದಕ್ಕೇ ಆ ಹೆಸರು.

ಹೊರಗಿನ ಗೋಡೆಯಲ್ಲೊಂದು ಕಪ್ಪು ಹಲಗೆ ಇದೆ. ಅದರ ಮೇಲೆ ವಾರವಾರವೂ ‘ಮ್ಯಾನೇಜರ್ ಸಮಾಚಾರ’ ಬರುತ್ತದೆ. ನಾಯಿ, ಬೆಕ್ಕುಗಳಿಗೆ ಯಾವುದನ್ನು ತಿನ್ನಿಸಬಹುದು, ಯಾವುದನ್ನು ತಿನ್ನಿಸಬಾರದು, ಯಾವ ಇಂಜೆಕ್ಷನ್ ಯಾವಾಗ ಎನ್ನುವುದನ್ನೆಲ್ಲ ಮ್ಯಾನೇಜರ್ ತಾನೇ ಹೇಳಿದಂತೆ ಬರೆದಿರುತ್ತದೆ. ವಿಷಯ ಹೇಳಿಕೊಡುವುದು ಅಮ್ಮ, ಬರೆಯುವುದು ಗಿಣಿ. ಮಾತು ಜಾಸ್ತಿ ಎಂದೇ ಅವಳಿಗೆ ಮನೆಯಲ್ಲಿ ಗಿಣಿ ಎಂಬ ಹೆಸರು ಬಿದ್ದದ್ದು. ತನ್ನ ಮಾತು ಸಾಲದೆ ಬೆಕ್ಕಿನ ಮಾತನ್ನೂ ಅವಳೇ ಆಡುತ್ತಿದ್ದಳು. ಜನ ನಿಂತು ಓದಿ ನಗುತ್ತಿದ್ದರು. ಆಗೆಲ್ಲ ಗಿಣಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಸೂಪಿನ ವಿಷಯ ಹೇಳಿದಾಗ ಅಮ್ಮ ಸ್ಪಷ್ಟವಾಗಿಯೇ ಹೇಳಿದ್ದರು. ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸಬೇಕು. ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಏನೂ ಬೀಳಬಾರದು. ಆದರೆ ಗಿಣಿ ಮೊದಲು ಚಿತ್ರ ಬರೆದಿದ್ದಳು. ಕತ್ತಿಗೆ ಕರವಸ್ತ್ರ ಕಟ್ಟಿಕೊಂಡು, ಚಮಚ ಹಿಡಿದು ಕೂತ ಮ್ಯಾನೇಜರ್. ಮೀಸೆ ಬಹಳ ಚೆನ್ನಾಗಿ ಬಂದಿತ್ತು. ಕೊನೆಯ ಸಾಲಿಗೆ ಜಾಗ ಉಳಿದಿರಲಿಲ್ಲ. ಮೀಸೆ ಅಳಿಸಲು ಮನಸ್ಸಾಗಲಿಲ್ಲ.

ಅಮ್ಮ ತಿರುಗಿ ಗಿಣಿಯನ್ನು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಾಗುತ್ತಿತ್ತು.

“ಅರ್ಧ ವಿಷ್ಯ ಬರ್ದಿದೀವಿ. ತಪ್ಪು ನಮ್ಮದೇ,” ಎಂದರು ಡ್ರೈವರ್ ಅಂಕಲ್‌ಗೆ. “ಬರೆದಿದ್ದನ್ನ ನೋಡ್ಬೇಕಾಗಿತ್ತು, ನಾನು ನೋಡ್ಲಿಲ್ಲ. ಈಗ ಇವಳಿಗೆ ರಕ್ತ ಬೇಕು. ಇನ್ನೊಂದು ಬೆಕ್ಕಿನ ರಕ್ತ.”

“ಎಲ್ಲಿಂದ ತರ್ಲಿ? ಹೇಳಿ, ಎಲ್ಲಿದ್ರೂ ತರ್ತೀನಿ.”

“ಎಲ್ಲಿಗೂ ಹೋಗ್ಬೇಡಿ. ಇಲ್ಲೇ ಇದೆ.”

ಅಮ್ಮ ಹತ್ತಿಯ ಕಾಲಿನಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷೆಯ ಕಾರ್ಡಿನ ಮೇಲೆ ಬಿಟ್ಟರು. ಮನುಷ್ಯರ ಹಾಗೆ ಬೆಕ್ಕಿಗೂ ರಕ್ತದ ಗುಂಪು ಇರುತ್ತದೆ, ಗುಂಪು ತಪ್ಪಿದರೆ ಜೀವಕ್ಕೇ ಅಪಾಯ. ಕಾರ್ಡ್ ನೋಡಿ ಅಮ್ಮ ತಲೆಯಾಡಿಸಿದರು. “ಇಬ್ರದೂ ಒಂದೇ ಗುಂಪು. ಮ್ಯಾನೇಜರ್‌ನ ಕರ್ಕೊಂಡ್ ಬನ್ನಿ.”

ನರ್ಸಕ್ಕ ಕೌಂಟರಿನತ್ತ ಹೊರಟರು. ಗಿಣಿ ಅವರಿಗಿಂತ ಮೊದಲೇ ಓಡಿ ಬೆಕ್ಕನ್ನು ಬಾಚಿ ತಬ್ಬಿಕೊಂಡಳು.

“ಬೇಡಮ್ಮಾ! ಇವಳೇನು ತಪ್ಪು ಮಾಡಿದ್ಲು? ಇವಳನ್ನ ಕೇಳಿದ್ಯಾ ನೀನು?”

ಅಮ್ಮ ಕೈಗವಸು ಹಾಕಿಕೊಳ್ಳುತ್ತಿದ್ದವರು ನಿಂತರು.

“ಕೇಳೋಕೆ ಆಗಲ್ವಲ್ಲ ಮಗಳೇ, ಅದೇ ಕಷ್ಟ. ಅವಳು ಹೂಂ ಅನ್ನಲ್ಲ, ಉಹೂಂ ಅನ್ನಲ್ಲ. ಅದಕ್ಕೇ ನಾನು ಎರಡೆರಡು ಸಲ ಯೋಚನೆ ಮಾಡ್ಬೇಕು. ತೂಕ ಸರಿಯಾಗಿದೆ, ಆರೋಗ್ಯ ಚೆನ್ನಾಗಿದೆ. ಅವಳಿಗೆ ಅಪಾಯ ಇದ್ದಿದ್ರೆ ನಾನು ಮುಟ್ತಿರಲಿಲ್ಲ.”

“ನೋವಾಗುತ್ತಾ?”

“ಸ್ವಲ್ಪ ಆಗುತ್ತೆ. ಮಂಪರಿನ ಇಂಜೆಕ್ಷನ್ ಕೊಡ್ತೀನಿ. ಎರಡು ದಿನ ಸುಸ್ತಿರುತ್ತೆ.”

ಡ್ರೈವರ್ ಅಂಕಲ್ ಬಾಲ ಸುಟ್ಟ ಬೆಕ್ಕಿನ ಹಾಗೆ ಹಿಂದೆ ಮುಂದೆ ಓಡಾಡುತ್ತಿದ್ದರು. ಬೆಕ್ಕಿನ ಆಸ್ಪತ್ರೆಯಲ್ಲಿ ಇಂಥ ಮಾತು ಆಡಬಾರದು ನಿಜ, ಆದರೆ ಅವರ ಅವಸ್ಥೆ ಥೇಟ್ ಹಾಗೇ ಇತ್ತು. ಬುಟ್ಟಿಯೊಳಗೆ ಹತ್ತಿ ಬಾಯಿ ತೆರೆದು ಉಸಿರೆಳೆಯುತ್ತಿತ್ತು. ಗಿಣಿ ಅದನ್ನು ನೋಡಿದಳು. ಆಮೇಲೆ ತಾನೇ ಮ್ಯಾನೇಜರ್‌ನನ್ನು ತಂದು ಮೇಜಿನ ಮೇಲೆ ಮಲಗಿಸಿದಳು.

ಮ್ಯಾನೇಜರ್‌ಗೆ ಮಂಪರು ಹತ್ತಿತು. ನರ್ಸಕ್ಕ ಸಣ್ಣ ಮಷೀನಿನಿಂದ ಅದರ ಕತ್ತಿನ ಕೂದಲು ಬೋಳಿಸತೊಡಗಿದರು. ಬೂದು ಕೂದಲು ಮೇಜಿನ ಮೇಲೆ ಉದುರಿತು.

“ಹೋದ ವರ್ಷವೂ ಇದೇ ಜಾಗ,” ಎಂದರು ನರ್ಸಕ್ಕ.

“ಹೋದ ವರ್ಷ?”

“ಆಗ್ಲೂ ರಕ್ತ ಕೊಟ್ಟಿದ್ಲಲ್ಲ. ಒಂದು ಮರಿ ಬೆಕ್ಕು ಕಾರಿನಡಿ ಸಿಕ್ಕಿತ್ತು. ನಿಂಗೆ ಗೊತ್ತಿರಲಿಲ್ವಾ? ಕೂದಲು ಬೋಳಿಸಿದ್ದು ನೋಡಿ ನೀನು ಬೋರ್ಡಲ್ಲಿ ಬರೆದಿದ್ದೆ.”

ಬರೆದದ್ದು ಗಿಣಿಗೆ ಚೆನ್ನಾಗಿ ನೆನಪಿತ್ತು. ‘ನನ್ನ ಹೊಸ ಹೇರ್‌ಕಟ್ ಹೇಗಿದೆ? ಫ್ಯಾಷನ್ ಅಂದ್ರೆ ಇದು!’ ಬಸ್ಸಿನ ಮಕ್ಕಳೆಲ್ಲ ಓದಿ ಬಿದ್ದು ಬಿದ್ದು ನಕ್ಕಿದ್ದರು. ಮ್ಯಾನೇಜರ್ ಆ ವಾರವೆಲ್ಲ ಕೌಂಟರ್ ಹತ್ತದೆ ಬೀರುವಿನ ಕೆಳಗೆ ಮಲಗಿತ್ತು. ಅದಕ್ಕೂ ಗಿಣಿ ಒಂದು ಮಾತು ಬರೆದಿದ್ದಳು. ‘ನಾನೀಗ ರಜೆಯ ಮೇಲಿದ್ದೇನೆ, ಡಿಸ್ಟರ್ಬ್ ಮಾಡಬೇಡಿ.’

ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನೀನು ಹೊರಗಿರ್ತೀಯಾ?” ಅಮ್ಮ ಕೇಳಿದರು.

“ಇಲ್ಲ. ಇಲ್ಲೇ ಇರ್ತೀನಿ.”

“ಹಾಗಾದ್ರೆ ಕಾಲು ಹಿಡ್ಕೋ. ಮಾತು ಬೇಡ.”

ಗಿಣಿ ಮ್ಯಾನೇಜರ್‌ನ ಮುಂಗಾಲನ್ನು ಅಂಗೈಯಲ್ಲಿಟ್ಟುಕೊಂಡಳು. ಪಾದ ಮೆತ್ತಗೆ, ಬೆಚ್ಚಗಿತ್ತು. ಕತ್ತಿನ ನರದಿಂದ ಕೆಂಪು ರಕ್ತ ನಿಧಾನವಾಗಿ ಸಿರಿಂಜಿಗೆ ಏರಿತು. ಮಂಪರಿನಲ್ಲೂ ಮ್ಯಾನೇಜರ್ ಒಮ್ಮೆ ಪಾದ ಬಿಗಿ ಮಾಡಿತು. ಉಗುರು ಗಿಣಿಯ ಬೆರಳಿಗೆ ಚುಚ್ಚಿತು. ಅವಳು ಕೈ ಎಳೆದುಕೊಳ್ಳಲಿಲ್ಲ.

ಆ ರಕ್ತವನ್ನು ಚೀಲಕ್ಕೆ ತುಂಬಿದರು. ಒಂದು ಕೊಳವೆಯ ಮೂಲಕ ಅದು ಹನಿಹನಿಯಾಗಿ ಹತ್ತಿಯ ಮೈಗೆ ಇಳಿಯತೊಡಗಿತು. ಡ್ರೈವರ್ ಅಂಕಲ್ ಕುರ್ಚಿಯ ತುದಿಯಲ್ಲಿ ಕೂತು ಆ ಹನಿಗಳನ್ನೇ ನೋಡುತ್ತಿದ್ದರು. ನರ್ಸಕ್ಕ ತಂದಿಟ್ಟ ಟೀ ಹಾಗೇ ಆರಿತು.

“ಉಳೀತಾಳಾ ಡಾಕ್ಟ್ರೇ?”

“ಬೆಳಗ್ಗೆವರೆಗೂ ಏನೂ ಹೇಳಕ್ಕಾಗಲ್ಲ,” ಎಂದರು ಅಮ್ಮ.

ಕ್ಲಿನಿಕ್ಕಿನ ಮೇಲಿನ ಮಹಡಿಯೇ ಗಿಣಿಯ ಮನೆ. ರಾತ್ರಿ ಊಟಕ್ಕೆ ಕೂತವಳು ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು. ಹತ್ತಿಗೇನಾದರೂ ಆಗಿಬಿಟ್ಟರೆ? ತಪ್ಪು ನಮ್ಮದೇ ಎಂದು ಅಮ್ಮ ಹೇಳಿದ್ದರು. ಆದರೆ ಆ ಮೀಸೆ ಬರೆದದ್ದು ಅಮ್ಮ ಅಲ್ಲ.

ಮರುದಿನ ಶಾಲೆಗೆ ರಜೆ. ಎದ್ದವಳು ಹಲ್ಲುಜ್ಜದೆ ಕೆಳಗೆ ಓಡಿದಳು.

ಹತ್ತಿ ತಲೆ ಎತ್ತಿ ಕೂತಿತ್ತು. ಬರೀ ನೀರಿನಲ್ಲಿ ಬೇಯಿಸಿದ ಕೋಳಿಯ ಚೂರೊಂದನ್ನು ಡ್ರೈವರ್ ಅಂಕಲ್ ಬೆರಳ ತುದಿಯಲ್ಲಿ ಹಿಡಿದಿದ್ದರು. ಹತ್ತಿ ಮೂಸಿತು. ನೆಕ್ಕಿತು. ತಿಂದಿತು. ಅಂಕಲ್ ಕಣ್ಣು ಒರೆಸಿಕೊಂಡರು.

“ವಸಡಿಗೆ ಸ್ವಲ್ಪ ಬಣ್ಣ ಬಂದಿದೆ,” ಎಂದರು ಅಮ್ಮ. “ಇನ್ನೂ ಕೆಲವು ದಿನ ಇಲ್ಲೇ ಇರ್ಲಿ. ಆದ್ರೆ ಗಂಡಾಂತರ ಕಳೀತು.” ಅವರು ಕೈ ತೊಳೆಯಲು ಒಳಗೆ ಹೋದರು.

ಗಿಣಿಗೆ ಹೋದ ಜೀವ ಬಂದಂತಾಯಿತು. ಅಂಕಲ್ ಅವಳನ್ನು ನೋಡಿ ನಕ್ಕರು.

“ಬಾ ಮರಿ. ನಿಮ್ಮ ಮ್ಯಾನೇಜರ್ ದೊಡ್ಡ ಮನಸ್ಸಿನವರು ಬಿಡು. ನಮ್ಮ ಹತ್ತಿಗೆ ರಕ್ತ ಕೊಡುವಾಗ ಏನಂದ್ರು?”

ಗಿಣಿಯ ನಾಲಿಗೆಯ ತುದಿಯಲ್ಲಿ ಉತ್ತರ ರೆಡಿ ಇತ್ತು. ‘ಪರವಾಗಿಲ್ಲ, ಮನಸ್ಸಿಗೆ ಹಚ್ಕೋಬೇಡಿ ಅಂದ್ಲು.’ ಅಷ್ಟು ಹೇಳಿದರೆ ಅಂಕಲ್ ಇನ್ನಷ್ಟು ನಗುತ್ತಿದ್ದರು, ಎಲ್ಲ ಮುಗಿದುಹೋಗುತ್ತಿತ್ತು. ಅವಳು ಬಾಯಿ ತೆರೆದಳು. ಬೆರಳಿಗೆ ಉಗುರು ಚುಚ್ಚಿದ ಜಾಗ ಇನ್ನೂ ಉರಿಯುತ್ತಿತ್ತು.

“ಅವಳು ಏನೂ ಅನ್ಲಿಲ್ಲ ಅಂಕಲ್. ಬೋರ್ಡ್ ಬರೆಯೋದು ನಾನು. ಸೂಪಿಗೆ ಈರುಳ್ಳಿ ಹಾಕ್ಬಾರ್ದು ಅಂತ ಅಮ್ಮ ಹೇಳಿದ್ರು. ನಾನು ಬರೀಲಿಲ್ಲ.”

“ಯಾಕೆ?”

“ಚಿತ್ರ ದೊಡ್ಡದಾಯ್ತು. ಜಾಗ ಇರಲಿಲ್ಲ.”

“ಚಿತ್ರಕ್ಕೋಸ್ಕರ?” ಅಂಕಲ್ ನಗು ನಿಂತಿತು. “ಚಿತ್ರ ದೊಡ್ಡದಾಯ್ತು ಅಂತಾನಾ?”

“ಹೂಂ.”

ಅವರು ಹತ್ತಿಯ ಟವೆಲನ್ನು ಸರಿಮಾಡಿದರು. ಬಸ್ಸಿನಲ್ಲಿ ಗದರುವ ಹಾಗೆ ಗದರುತ್ತಾರೆಂದು ಗಿಣಿ ಕಾದಳು. ಅವರು ಗದರಲಿಲ್ಲ.

“ನಂಗೆ ಕೋಪ ಬಂದಿದೆ ಮರಿ,” ಎಂದರು ಮೆಲ್ಲಗೆ. “ಈಗ ಏನಾದ್ರೂ ಅಂದ್ರೆ ಜಾಸ್ತಿ ಅಂದ್ಬಿಡ್ತೀನಿ. ಹೇಳ್ದೆಯಲ್ಲ, ಅಷ್ಟು ಸಾಕು. ಈಗ ಹೋಗು. ನಾಳೆ ಬಸ್ಸಿಗೆ ಬಾ.”

ಗಿಣಿ ತಲೆಯಾಡಿಸಿ ಹೊರಗೆ ಬಂದಳು. ಅಳು ಬಂತು, ಅತ್ತಳು. ಆದರೂ ಎದೆಯ ಮೇಲೆ ಕೂತಿದ್ದ ಭಾರ ಒಂದಿಷ್ಟು ಕೆಳಗಿಳಿದಿತ್ತು.

ಮ್ಯಾನೇಜರ್ ಬೀರುವಿನ ಕೆಳಗೆ ಮಲಗಿತ್ತು, ಕತ್ತಿಗೆ ಬಿಳಿ ಪಟ್ಟಿ. ಗಿಣಿ ನೀರಿನ ಬಟ್ಟಲನ್ನು ಹತ್ತಿರ ಸರಿಸಿದಳು. ಬೆಕ್ಕು ಒಂದೆರಡು ಗುಟುಕು ಕುಡಿದು, ಅವಳನ್ನು ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿತು.

ಕೋಪವೋ, ನೋವೋ, ಬರೀ ನಿದ್ದೆಯೋ. ಗಿಣಿಗೆ ಗೊತ್ತಾಗಲಿಲ್ಲ. ಇಷ್ಟು ದಿನವೂ ಗೊತ್ತಿರಲಿಲ್ಲ. ಅವಳು ತಣ್ಣಗಿನ ನೆಲದ ಮೇಲೆ ಬೋರಲಾಗಿ ಮಲಗಿ, ಗಲ್ಲವನ್ನು ಕೈ ಮೇಲಿಟ್ಟು, ಆ ಬೂದು ಬೆನ್ನು ಉಸಿರಿನೊಂದಿಗೆ ಏರುವುದನ್ನೂ ಇಳಿಯುವುದನ್ನೂ ನೋಡುತ್ತಿದ್ದಳು. ಒಂದು ಮಾತೂ ಆಡಲಿಲ್ಲ.